‘ಈ ಜಾಗ ಯಾರಿಗಾದರೂ ಗೊತ್ತಾ?’: ಹೈಟಿ ಭೂಕಂಪದಲ್ಲಿ 4636 ಕೆಲಸ ಮಾಡಿದ ಬಗೆ

ಮೊದಲು ಒಂದು ಮೆಸೇಜ್ ನೋಡಿ. “ಡೆಲ್ಮಾ 31ರಲ್ಲಿ ಹೆಂಗಸೊಬ್ಬಳಿಗೆ ಹೆರಿಗೆ ನೋವು.” ಅಷ್ಟೇ. ಕಳಿಸಿದವರ ಹೆಸರಿಲ್ಲ, ಮನೆ ನಂಬರಿಲ್ಲ, ನೋವು ಯಾವಾಗ ಶುರುವಾಯಿತು ಅನ್ನುವುದೂ ಇಲ್ಲ. 2010ರ ಭೂಕಂಪಕ್ಕೆ ನೆಲಕಚ್ಚಿದ್ದ ಹೈಟಿ ದೇಶದ ರಾಜಧಾನಿ ಪೋರ್ಟ್ ಔ ಪ್ರಿನ್ಸ್ ನಗರದಿಂದ ಯಾರೋ 4636 ಅನ್ನುವ ಸಹಾಯದ ನಂಬರಿಗೆ ಇದನ್ನು ಅಲ್ಲಿನ ಕ್ರಿಯೋಲ್ ಭಾಷೆಯಲ್ಲಿ ಟೈಪ್ ಮಾಡಿ ಕಳಿಸಿದ್ದರು.

ಹೊಟ್ಟೆಪಾಡಿಗೆ ನಾನು ಮಾಡುವುದು ಕಂಪನಿಗಳಿಗೆ ದೂರು ದಾಖಲಿಸುವ ಸಾಫ್ಟ್‌ವೇರ್ ಹಾಕಿಕೊಡುವ ಕೆಲಸ. ಟಿಕೆಟ್ (ಅಂದರೆ ಒಂದು ದೂರಿನ ದಾಖಲೆ) ತೆರೆಯಿತು, ಇಂಥವರ ಪಾಲಿಗೆ ಬಂತು, ಕೆಲಸ ಆಯಿತು, ಟಿಕೆಟ್ ಮುಚ್ಚಿತು. ಬಸ್ ರೂಟಿನ ಹಾಗೆ ಸ್ಟಾಪುಗಳೆಲ್ಲ ಮೊದಲೇ ಗೊತ್ತಿರುತ್ತವೆ. ಆ ಹೆರಿಗೆ ಮೆಸೇಜ್ ನಾನು ಮಾಡಿಕೊಟ್ಟ ಫಾರಂಗೆ ಬಂದಿದ್ದರೆ ಏನಾಗುತ್ತಿತ್ತು? ಕೆಂಪು ಅಕ್ಷರದಲ್ಲಿ ‘ಪೂರ್ತಿ ವಿಳಾಸ ಕಡ್ಡಾಯ’ ಎಂದು ವಾಪಸ್ ಹೋಗುತ್ತಿತ್ತು. ಮುಂದೇನಾಗುತ್ತದೆಂದು ಯಾರಿಗೂ ಗೊತ್ತಿಲ್ಲದ ಕೆಲಸಕ್ಕೆ ಸಾಫ್ಟ್‌ವೇರ್ ಹೇಗೆ ಹೊಂದಿಕೊಳ್ಳಬೇಕು ಎಂಬ ಮಾತು ಬಂದಾಗಲೆಲ್ಲ ನನಗೆ 4636 ನೆನಪಾಗುವುದು ಇದಕ್ಕೇ. ಅದರಲ್ಲಿ ಚೆನ್ನಾಗಿ ನಡೆದದ್ದೂ ಇದೆ, ಕೈಕೊಟ್ಟದ್ದೂ ಇದೆ. ಎರಡನ್ನೂ ನೋಡೋಣ.

ಏನೂ ಉಳಿಯದ ಊರು

2010ರ ಜನವರಿ 12, ಸಂಜೆ 4 ಗಂಟೆ 53 ನಿಮಿಷ. ತೀವ್ರತೆ 7.0. ಕೇಂದ್ರ ಇದ್ದದ್ದು ಲಿಯೋಗಾನ್ ಪಟ್ಟಣದ ಹತ್ತಿರ, ರಾಜಧಾನಿಯಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ. ಸತ್ತವರ ಲೆಕ್ಕದ ಬಗ್ಗೆ ಇವತ್ತಿಗೂ ಜಗಳವಿದೆ. ಸರ್ಕಾರದ ಅಂಕಿ ಎರಡು ಲಕ್ಷ ದಾಟುತ್ತದೆ. ಮನೆ ಕಳೆದುಕೊಂಡವರು ಹತ್ತು ಲಕ್ಷಕ್ಕೂ ಜಾಸ್ತಿ.

ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಇಂಥ ಹೊತ್ತಿನಲ್ಲಿ ಯಾರು ಯಾರಿಗೆ ಫೋನ್ ಮಾಡಬೇಕು, ಯಾವ ಕಡತ ಎಲ್ಲಿದೆ ಎಂದು ಹೇಳಬೇಕಾದ ಜಾಗಗಳೇ ಉಳಿದಿರಲಿಲ್ಲ. ಅಧ್ಯಕ್ಷರ ಅರಮನೆ ಕುಸಿದಿತ್ತು. ವಿಶ್ವಸಂಸ್ಥೆಯ ಶಾಂತಿಪಡೆಯ ಕಚೇರಿಯಿದ್ದ ಹೋಟೆಲ್ ಕ್ರಿಸ್ಟೋಫರ್ ಬಿದ್ದು, ಅದರ ಮುಖ್ಯಸ್ಥ ಹೆದಿ ಅನ್ನಾಬಿ ಸಹಿತ ಬಹಳ ಜನ ಸಿಬ್ಬಂದಿ ತೀರಿಕೊಂಡಿದ್ದರು. ಬಂದರು ಮುರಿದಿತ್ತು. ವಿಪತ್ತಿಗೆಂದು ಮಾಡಿಟ್ಟ ಯೋಜನೆ ಎಷ್ಟೇ ಚೆನ್ನಾಗಿದ್ದರೂ, ಅದರಲ್ಲಿ ಹೆಸರಿದ್ದವರೇ ಅವಶೇಷಗಳ ಅಡಿಯಲ್ಲಿದ್ದರೆ ಏನು ಮಾಡುವುದು?

ಬಹುಮಟ್ಟಿಗೆ ಬದುಕಿ ಉಳಿದದ್ದು ಮೊಬೈಲ್ ಮತ್ತು ರೇಡಿಯೊ. ಡಿಜಿಸೆಲ್ ಕಂಪನಿಯ ಟವರ್‌ಗಳು ಬೇಗ ಎದ್ದು ನಿಂತವು. ರಾಜಧಾನಿಯ ಸಿಗ್ನಲ್ ಎಫ್‌ಎಂ ಪ್ರಸಾರ ನಿಲ್ಲಲಿಲ್ಲ. ಜನರ ಕೈಯಲ್ಲಿ ಇದ್ದದ್ದು ಮಾಮೂಲಿ ಬಟನ್ ಫೋನ್, ಅವರು ಆಡುವುದು ಕ್ರಿಯೋಲ್. 1987ರ ಸಂವಿಧಾನ ಫ್ರೆಂಚ್ ಜೊತೆ ಕ್ರಿಯೋಲ್‌ಗೂ ಅಧಿಕೃತ ಸ್ಥಾನ ಕೊಟ್ಟಿದೆ. ಆದರೆ ಹೊರಗಿನಿಂದ ವಿಮಾನ ಇಳಿದ ರಕ್ಷಣಾ ತಂಡಗಳಲ್ಲಿ ಅದು ಬರುತ್ತಿದ್ದವರು ಬೆರಳೆಣಿಕೆ.

ನಾಲ್ಕು ಅಂಕಿಯ ಹಿಂದೆ

ಹಳೆಯ ಫೋನಿನ ಬಟನ್ ನೆನಪಿದೆಯಾ? 4ರಲ್ಲಿ ಐ, 6ರಲ್ಲಿ ಎನ್, 3ರಲ್ಲಿ ಎಫ್, ಮತ್ತೆ 6ರಲ್ಲಿ ಓ. ಸೇರಿಸಿದರೆ ‘ಇನ್ಫೋ’. ಭೂಕಂಪವಾಗಿ ವಾರ ಕಳೆಯುವ ಮೊದಲೇ ಈ ನಂಬರು ಪುಕ್ಕಟೆಯಾಗಿ ಜನರಿಗೆ ಸಿಕ್ಕಿತು. ಎಲ್ಲಿದ್ದೀರಿ, ಏನು ಬೇಕು ಎಂದು 4636ಕ್ಕೆ ಕಳಿಸಿ ಅಂತ ರೇಡಿಯೊದವರು ಹೇಳತೊಡಗಿದರು.

ಇದನ್ನು ಯಾವುದೋ ಒಂದು ಸಂಸ್ಥೆ ಕೂತು ವಿನ್ಯಾಸ ಮಾಡಲಿಲ್ಲ. ಗಂಟು ಹಾಕಿ ಗಂಟು ಹಾಕಿ ಹೆಣೆದದ್ದು. ನಂಬರು ಕೊಟ್ಟದ್ದು ಡಿಜಿಸೆಲ್. ಆ ಕಂಪನಿಯವರನ್ನು ಹಿಡಿದದ್ದು ಫ್ರಂಟ್‌ಲೈನ್ ಎಸ್‌ಎಂಎಸ್ ಎಂಬ ತಂತ್ರಾಂಶದ ಜೊತೆ ಕೆಲಸ ಮಾಡುತ್ತಿದ್ದ ಜಾಶ್ ನೆಸ್‌ಬಿಟ್. ಅನುವಾದಕರ ದಂಡನ್ನು ನಡೆಸಿದ್ದು ರಾಬರ್ಟ್ ಮುನ್ರೊ, ಆಗ ಭಾಷಾ ತಂತ್ರಜ್ಞಾನ ಓದುತ್ತಿದ್ದವರು. ಮೆಸೇಜ್ ತೋರಿಸುವ ಪುಟವನ್ನು ಉಶಾಹಿದಿ ತಂಡದವರು ಅವಸರದಲ್ಲಿ ಕಟ್ಟಿದರು. ಉಶಾಹಿದಿ ಅಂದರೆ ಸ್ವಾಹಿಲಿಯಲ್ಲಿ ಸಾಕ್ಷ್ಯ. 2008ರಲ್ಲಿ ಚುನಾವಣೆ ನಂತರದ ಗಲಭೆಯನ್ನು ನಕ್ಷೆಯ ಮೇಲೆ ಗುರುತಿಸಲು ಕೀನ್ಯಾದಲ್ಲಿ ಹುಟ್ಟಿದ ತಂತ್ರಾಂಶ ಅದು. ಹೈಟಿಯ ನಕ್ಷೆಯನ್ನು ಅದರಲ್ಲೇ ತೆರೆದದ್ದು ಪ್ಯಾಟ್ರಿಕ್ ಮೆಯರ್. ಬಾಸ್ಟನ್ ಹತ್ತಿರದ ಟಫ್ಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಭೂಕಂಪದ ಸಂಜೆಯೇ ಶುರು ಮಾಡಿದರು, ಆಮೇಲೆ ಹಾಸ್ಟೆಲ್ ಕೋಣೆ ತುಂಬ ಲ್ಯಾಪ್‌ಟಾಪ್ ಹಿಡಿದ ವಿದ್ಯಾರ್ಥಿಗಳು.

ಅನುವಾದ ಮಾಡಿದವರು ಯಾರು ಅಂದರೆ, ಊರು ಬಿಟ್ಟು ಹೋದ ಹೈಟಿಯವರು. ಮಾಂಟ್ರಿಯಲ್, ನ್ಯೂಯಾರ್ಕ್, ಇನ್ನೂ ಎಲ್ಲೆಲ್ಲೋ ಇದ್ದವರು. ಸಾವಿರಕ್ಕೂ ಹೆಚ್ಚು ಜನ. ಒಬ್ಬರು ಮಲಗುವ ಹೊತ್ತಿಗೆ ಇನ್ನೊಂದು ದೇಶದಲ್ಲಿ ಇನ್ನೊಬ್ಬರು ಏಳುತ್ತಿದ್ದರು. ಪಾಳಿ ಹಾಕಿಕೊಡುವ ಮೇಸ್ತ್ರಿ ಇರಲಿಲ್ಲ. ಮೆಸೇಜ್ ಬಂದು ಇಂಗ್ಲಿಷ್‌ಗೆ ತಿರುಗಲು ಸಾಮಾನ್ಯವಾಗಿ ಹತ್ತು ನಿಮಿಷ ಸಾಕಾಗುತ್ತಿತ್ತು. ಮೊದಲ ಆರು ವಾರದಲ್ಲಿ ಇವರ ಕೈದಾಟಿದ ಮೆಸೇಜ್ 40,000ಕ್ಕೂ ಜಾಸ್ತಿ.

ಪಕ್ಕದ ಚಾಟ್

ಪುಟ ಬಹಳ ಸರಳ. ಮೇಲೆ ಮೆಸೇಜ್, ಕೆಳಗೆ ಅನುವಾದಕ್ಕೆ ಜಾಗ, ಯಾವ ಬಗೆಯ ತೊಂದರೆ ಎಂದು ಆರಿಸಲು ಪಟ್ಟಿ, ಸ್ಥಳದ ಅಕ್ಷಾಂಶ-ರೇಖಾಂಶಕ್ಕೆ ಖಾನೆ. ಇಷ್ಟೇ ಆಗಿದ್ದರೆ ಅದೂ ನಮ್ಮ ಟಿಕೆಟ್ ಫಾರಮ್ಮಿನ ತಮ್ಮನೇ. ಜೊತೆಗೆ ಒಂದು ಚಾಟ್ ಕೋಣೆಯಿತ್ತು. ನನ್ನ ಲೆಕ್ಕದಲ್ಲಿ ಇಡೀ ವ್ಯವಸ್ಥೆಯ ಜೀವ ಇದ್ದದ್ದು ಅಲ್ಲಿ.

ಮುನ್ರೊ ಆಮೇಲೆ ಬರೆದ ವರದಿಯಲ್ಲಿ ಆ ಚಾಟ್‌ನ ಒಂದು ತುಣುಕಿದೆ. ಒಬ್ಬರು ಕೇಳುತ್ತಾರೆ: ತೊಮಾಸೆಂ ಎಲ್ಲಿ ಬರುತ್ತೆ, ಹೇಳಿ ಪ್ಲೀಸ್. ಇನ್ನೊಬ್ಬರು ಕೆನ್ಸ್ಕಾಫ್ ರಸ್ತೆ ಎಂದು ಹೇಳಿ ಅಕ್ಷಾಂಶ 18.49, ರೇಖಾಂಶ ಮೈನಸ್ 72.31 ಎಂದು ಉದ್ದನೆಯ ದಶಾಂಶದ ಸಮೇತ ಹಾಕುತ್ತಾರೆ. ಆಮೇಲೆ ವಿವರಣೆ: ಪೆಟಿಯೊನ್‌ವಿಲ್ ದಾಟಿದ ಮೇಲಿನ ಈ ಭಾಗ ಗೂಗಲ್ ಮ್ಯಾಪಿನಲ್ಲಿ ಇಲ್ಲ, ಬೀದಿಗಳಿಗೆ ಹೆಸರೂ ಇಲ್ಲ. ಆದರೆ ಈ ಜಾಗ ನನಗೆ ನನ್ನ ಜೇಬಿನಷ್ಟೇ ಗೊತ್ತು. ಕೇಳಿದವರ ಉತ್ತರ: ಸದ್ಯ, ನೀವಿದ್ದಿರಲ್ಲ, ದೇವರು ದೊಡ್ಡವನು.

ಜೇಬಿನಷ್ಟೇ ಗೊತ್ತು ಅನ್ನುವುದು ಫ್ರೆಂಚ್ ಕಡೆಯ ಮಾತು. ನಾವಾದರೆ ‘ಕಣ್ಣು ಕಟ್ಟಿ ಬಿಟ್ಟರೂ ಹೋಗ್ತೀನಿ’ ಅನ್ನುತ್ತೇವೆ. ಅದಿರಲಿ. ಇಲ್ಲಿ ನಡೆದದ್ದನ್ನು ಸಾಫ್ಟ್‌ವೇರ್ ಕಣ್ಣಿನಿಂದ ನೋಡಿ. ‘ಗೊತ್ತಿಲ್ಲದ ಊರು ಬಂದರೆ ಅದನ್ನು ತಿಳಿದ ಅನುವಾದಕರಿಗೆ ಕಳಿಸು’ ಎಂಬ ನಿಯಮ ಯಾರೂ ಬರೆದಿರಲಿಲ್ಲ. ಬರೆಯಲು ಆಗುತ್ತಲೂ ಇರಲಿಲ್ಲ. ಯಾರಿಗೆ ಯಾವ ಓಣಿ ಗೊತ್ತು ಎಂಬ ಪಟ್ಟಿ ಎಲ್ಲಿಂದ ತರುವುದು? ಚಾಟ್‌ನಲ್ಲಿ ಒಂದು ಕೂಗು ಹಾಕಿದರೆ, ಗೊತ್ತಿದ್ದವರು ಓ ಅನ್ನುತ್ತಿದ್ದರು. ಸಂತೆಯಲ್ಲಿ ಮಗು ತಪ್ಪಿಸಿಕೊಂಡಾಗ ಮೈಕಿನಲ್ಲಿ ಕೂಗಿದ ಹಾಗೆ.

ಇನ್ನೊಂದು ಮೆಸೇಜ್: “ಪೋರ್ಟ್ ಔ ಪ್ರಿನ್ಸ್‌ನ ಸಾಕ್ರೆ ಕೆಯಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದಾರೆ.” ಸಾಕ್ರೆ ಕೆ ಅಂದರೆ ಪವಿತ್ರ ಹೃದಯ, ಸೇಕ್ರೆಡ್ ಹಾರ್ಟ್. ಕ್ರೈಸ್ತರು ಜಾಸ್ತಿ ಇರುವ ಯಾವ ಊರಲ್ಲೂ ಈ ಹೆಸರಿನ ಚರ್ಚಿರಬಹುದು, ಶಾಲೆ, ಆಸ್ಪತ್ರೆಯೂ ಇರಬಹುದು. ಇಲ್ಲಿ ಮೆಸೇಜ್ ಕಳಿಸಿದವರು ಹೇಳುತ್ತಿದ್ದದ್ದು ಚರ್ಚು ಎಂದು ಅನುವಾದಕರು ಬರೆದರು. ಮತ್ತೊಂದು ಮೆಸೇಜಿನಲ್ಲಿ ಅದೇ ಹೆಸರು, ಆದರೆ ಅದು ಆಸ್ಪತ್ರೆ: ಮಿಲೋ ಎಂಬ ಊರಿನ ಸಾಕ್ರೆ ಕೆ ಆಸ್ಪತ್ರೆ, ಓಕಾಪ್‌ನಿಂದ ದಕ್ಷಿಣಕ್ಕೆ 14 ಕಿಲೋಮೀಟರ್, ರೋಗಿಗಳನ್ನು ಸೇರಿಸಿಕೊಳ್ಳಲು ತಯಾರಿದೆ, ಕಳಿಸಿ. ಇದು ಸಹಾಯ ಕೇಳಿದ ಮೆಸೇಜ್ ಅಲ್ಲ, ಸಹಾಯ ಕೊಡುತ್ತೇವೆಂದ ಮೆಸೇಜ್. ಓಕಾಪ್ ಅಂದರೆ ದೇಶದ ಉತ್ತರದ ಕ್ಯಾಪ್ ಹೈಟಿಯನ್ ನಗರ. ಜನ ಬಾಯಲ್ಲಿ ಹೇಳುವುದು ಓಕಾಪ್, ನಕ್ಷೆಯಲ್ಲಿ ಇರುವುದು ಬೇರೆ. ಕಾರ್‌ಫೂರ್ ಎಂಬ ಪ್ರದೇಶವನ್ನು ಕಾಫು ಎಂದು ಬರೆಯುತ್ತಾರೆ. ಮೆಜೆಸ್ಟಿಕ್ ಅಂದರೆ ಯಾವ ಬಸ್ ನಿಲ್ದಾಣ ಎಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾ? ಕಂಪ್ಯೂಟರಿಗೆ ಹೇಳಬೇಕು.

ಡೆಲ್ಮಾ 31 ಕೂಡ ಹಾಗೇ. ಡೆಲ್ಮಾ ಅನ್ನುವುದು ಉದ್ದನೆಯ ರಸ್ತೆ, ಅದರಿಂದ ಒಡೆಯುವ ಅಡ್ಡರಸ್ತೆಗಳಿಗೆ ನಂಬರು. ನಮ್ಮ 31ನೇ ಕ್ರಾಸ್ ಅಂದ ಹಾಗೆ. ಹೊರಗಿನವರಿಗೆ ಅರ್ಧಂಬರ್ಧ ವಿಳಾಸ, ಅಲ್ಲಿ ಬೆಳೆದವರಿಗೆ ಬೀದಿಯೇ ಕಣ್ಣ ಮುಂದೆ.

ಅದೇ ಹೊತ್ತಿನಲ್ಲಿ ನಕ್ಷೆಯನ್ನೂ ಜನ ಬರೆಯುತ್ತಿದ್ದರು. ಓಪನ್ ಸ್ಟ್ರೀಟ್ ಮ್ಯಾಪ್‌ನಲ್ಲಿ ರಾಜಧಾನಿ ಹೆಚ್ಚುಕಮ್ಮಿ ಖಾಲಿಯಿತ್ತು. ಉಪಗ್ರಹ ಕಂಪನಿಗಳು ಹೊಸ ಚಿತ್ರಗಳನ್ನು ಬಿಟ್ಟುಕೊಟ್ಟವು, ನೂರಾರು ಸ್ವಯಂಸೇವಕರು ಅದರ ಮೇಲೆ ಬೀದಿ, ಕುಸಿದ ಕಟ್ಟಡ, ಡೇರೆ ಶಿಬಿರ ಗುರುತಿಸಿದರು. ಕೆಲವೇ ದಿನಗಳಲ್ಲಿ ಆ ಊರಿನ ಅತಿ ವಿವರವಾದ ನಕ್ಷೆ ಅದೇ ಆಯಿತು. ಅನುವಾದಕರು ಬಿಂದು ಇಡುವ ನೆಲವನ್ನೇ ಇನ್ಯಾರೋ ಆಗಷ್ಟೇ ಹಾಸುತ್ತಿದ್ದರು ಅನ್ನಿ.

ಯಂತ್ರಾನುವಾದದ ಕಥೆಯೂ ಒಂದಿದೆ, ಚುಟುಕಾಗಿ ಹೇಳಿಬಿಡುತ್ತೇನೆ. ಮೈಕ್ರೋಸಾಫ್ಟ್‌ನ ಒಂದು ತಂಡ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಕ್ರಿಯೋಲ್ ಸಾಮಗ್ರಿಯನ್ನೂ ಬಳಸಿಕೊಂಡು ಐದು ದಿನದೊಳಗೆ ಕ್ರಿಯೋಲ್ ಅನುವಾದ ಯಂತ್ರ ಕಟ್ಟಿತು. ದೊಡ್ಡ ಸಾಧನೆಯೇ. ಆದರೆ ‘ತೊಮಾಸೆಂ ಎಲ್ಲಿ’ ಎಂಬ ಪ್ರಶ್ನೆಗೆ ಅನುವಾದ ಯಂತ್ರ ಉತ್ತರ ಕೊಡುವುದಿಲ್ಲವಲ್ಲ. 4636ರ ಗಾಡಿ ಓಡಿದ್ದು ಮನುಷ್ಯರ ಮೇಲೆ.

ಕೆಲಸವೇ ಬದಲಾದಾಗ

ಶುರುವಿನಲ್ಲಿ ಎಲ್ಲರ ತಲೆಯಲ್ಲಿ ಇದ್ದದ್ದು ಅವಶೇಷಗಳಡಿ ಸಿಕ್ಕವರು. ಆದರೆ ಅಂಥವರು ಬದುಕಿರುವುದು ಮೊದಲ ಕೆಲವು ದಿನ. ವಿದೇಶಿ ರಕ್ಷಣಾ ತಂಡಗಳು ಎಲ್ಲ ಸೇರಿ ಜೀವಂತ ಹೊರತೆಗೆದದ್ದು 130ರ ಆಸುಪಾಸು. ಮಿಕ್ಕವರನ್ನು ಎಳೆದು ತೆಗೆದದ್ದು ಅಕ್ಕಪಕ್ಕದವರೇ, ಬರಿಗೈಯಲ್ಲಿ. 4636 ಚಾಲೂ ಆಗುವ ಹೊತ್ತಿಗೆ ಆ ಬಾಗಿಲು ಮುಚ್ಚುತ್ತಾ ಬಂದಿತ್ತು.

ಹಾಗಾಗಿ ಮೆಸೇಜುಗಳ ಬಣ್ಣ ಬದಲಾಯಿತು. “ನನ್ನ ಕುಟುಂಬ ಕಾಫುವಿನಲ್ಲಿದೆ, 24 ಕೋಟ್ ಪ್ಲಾಜ್, 41ಎ. ಊಟ, ನೀರು ಬೇಕು.” “ಜನರಲ್ ಆಸ್ಪತ್ರೆಯಲ್ಲಿ ಇರುವ ಸಾಮಾನು 24 ಗಂಟೆಗೂ ಸಾಲದು.” ಆಮೇಲಾಮೇಲೆ ಡೇರೆ ಬೇಕು ಅನ್ನುವವರು, ಅಣ್ಣನನ್ನು ಹುಡುಕುವವರು, ಕೆಲಸ ಸಿಗುತ್ತದಾ ಎಂದು ಕೇಳುವವರು. ವ್ಯವಸ್ಥೆ ಮಾಡಿದವರು ಯೋಚಿಸಿರದ ಪ್ರಶ್ನೆಗಳು ಇವು. ಸಹಾಯವಾಣಿ ಇಟ್ಟ ಯಾರಿಗೂ ಇದು ಹೊಸದಲ್ಲ. ಒಮ್ಮೆ ಕಿವಿಗೊಟ್ಟರೆ ಜನ ನಿಮಗೆ ಬೇಕಾದ್ದನ್ನು ಹೇಳುವುದಿಲ್ಲ, ಅವರಿಗೆ ಬೇಕಾದ್ದನ್ನು ಹೇಳುತ್ತಾರೆ.

ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ 1980ರ ದಶಕದಲ್ಲಿ ಕೆಲಸ ಮಾಡುತ್ತಿದ್ದ ಮಾನವಶಾಸ್ತ್ರಜ್ಞೆ ಲೂಸಿ ಸುಚ್ಮನ್ ಒಂದು ದೋಣಿಯ ಉದಾಹರಣೆ ಕೊಡುತ್ತಿದ್ದರು. ರಭಸದ ನೀರಿನಲ್ಲಿ ದೋಣಿ ಇಳಿಸುವ ಮೊದಲು ದಂಡೆಯಲ್ಲಿ ನಿಂತು, ಎಡಕ್ಕೆ ಹೋಗೋಣ, ಆ ಬಂಡೆ ಬಳಸೋಣ ಎಂದು ಲೆಕ್ಕ ಹಾಕುತ್ತೀರಿ. ನೀರಿಗೆ ಇಳಿದ ಮೇಲೆ ಆ ಲೆಕ್ಕ ನಿಮ್ಮ ದೋಣಿ ನಡೆಸುವುದಿಲ್ಲ, ಕೈ ನಡೆಸುತ್ತದೆ. ಲೆಕ್ಕ ಹಾಕಿದ್ದರ ಉಪಯೋಗ ಏನೆಂದರೆ, ಕೈಗೆ ಕೆಲಸ ಮಾಡಲು ಒಳ್ಳೆಯ ಜಾಗದಲ್ಲಿ ನಿಲ್ಲಿಸುವುದು. ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರಿಗೆ ಇದನ್ನು ಹೇಳಿದರೆ ನಕ್ಕಾರು. ನಮ್ಮ ಸಾಫ್ಟ್‌ವೇರ್ ಮಂದಿಗೆ ಮಾತ್ರ ಇದನ್ನು ಪದೇಪದೇ ಹೇಳಬೇಕು.

4636ರ ಅನುವಾದ ಭಾಗ ಈ ಪರೀಕ್ಷೆ ಪಾಸಾಯಿತು. ಏನು ಬಂದರೂ ಬರೆಯಲು ಜಾಗವಿತ್ತು, ಅರ್ಥವಾಗದಿದ್ದರೆ ಕೇಳಲು ಜನ ಇದ್ದರು.

ಆ ತುದಿಯಲ್ಲಿ ಯಾರು?

ಕೈಕೊಟ್ಟದ್ದು ಇನ್ನೊಂದು ತುದಿ.

ಅನುವಾದವಾದ ಮೆಸೇಜುಗಳು ಹಲವು ಕಡೆ ಹೋಗುತ್ತಿದ್ದವು. ಬಾಸ್ಟನ್‌ನ ವಿದ್ಯಾರ್ಥಿಗಳು ಸ್ಥಳ ಗುರುತಿಸಿದ ಕೂಡಲೇ ಅಮೆರಿಕದ ಕರಾವಳಿ ಪಡೆ, ಮರೀನ್ ಪಡೆಯವರಿಗೆ ಸ್ಕೈಪ್‌ನಲ್ಲಿ ತಿಳಿಸುತ್ತಿದ್ದರು. ಅಲ್ಲಿಂದ ಮೆಚ್ಚುಗೆಯೂ ಬಂತು, ಜೀವಗಳು ಉಳಿಯುತ್ತಿವೆ ಎಂದು. ಅಮೆರಿಕದ ವಿಪತ್ತು ಸಂಸ್ಥೆಯ ಮುಖ್ಯಸ್ಥ ಕ್ರೇಗ್ ಫ್ಯುಗೇಟ್ ಆ ನಕ್ಷೆಯನ್ನು ಬಹಿರಂಗವಾಗಿ ಹೊಗಳಿದರು. ಇದೆಲ್ಲ ನಿಜ. ಆದರೆ ನಡೆದದ್ದು ಪರಿಚಯದ ಮೇಲೆ. ಆ ಕಡೆ ಸ್ಕೈಪ್ ತೆರೆದಿಟ್ಟುಕೊಂಡ ಒಬ್ಬ ಅಧಿಕಾರಿ ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ‘ಈ ಮೆಸೇಜ್ ನನ್ನದು, ನಾನು ನೋಡಿಕೊಳ್ಳುತ್ತೇನೆ’ ಎಂದು ಹೇಳಲೇಬೇಕಾದ ಹೊಣೆ ಯಾರಿಗೂ ಇರಲಿಲ್ಲ.

ಪರಿಹಾರದ ಮುಖ್ಯ ಯಂತ್ರವೇ ಬೇರೆ ಇತ್ತು. ವಿಮಾನ ನಿಲ್ದಾಣದ ಪಕ್ಕದ ವಿಶ್ವಸಂಸ್ಥೆಯ ಆವರಣದಲ್ಲಿ ನೀರಿಗೊಂದು, ಆರೋಗ್ಯಕ್ಕೊಂದು, ವಸತಿಗೊಂದು ಸಭೆ. ಮಾತು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ. ಊರಿನ ಸಂಘಸಂಸ್ಥೆಯವರಿಗೆ ಗೇಟು ದಾಟುವುದೇ ಕಷ್ಟ ಎಂದು ದೂರು. ಆ ಸಭೆಗಳಿಗೆ ಬೇಕಿದ್ದದ್ದು ಯಾವ ಶಿಬಿರಕ್ಕೆ ಎಷ್ಟು ಲೀಟರ್ ನೀರು ಎಂಬ ಮೊತ್ತ. 4636ರಲ್ಲಿ ಬರುತ್ತಿದ್ದದ್ದು ಒಂದೊಂದು ಮನೆಯ ಕೂಗು. ಒಂದು ಕಡೆ ಸಗಟು, ಇನ್ನೊಂದು ಕಡೆ ಚಿಲ್ಲರೆ. ಮಧ್ಯೆ ಅದನ್ನು ಕೂಡಿಸುವ ಮಂಡಿ ಇರಲಿಲ್ಲ. ಮೆಸೇಜ್ 40,000ಕ್ಕೂ ಜಾಸ್ತಿ, ಬಾಸ್ಟನ್‌ನ ನಕ್ಷೆಯ ಮೇಲೆ ಉಳಿದ ವರದಿ ಸುಮಾರು 3,600. ಅದರಲ್ಲೂ ಒಂದಿಷ್ಟು ಪತ್ರಿಕೆ, ಟ್ವಿಟರ್‌ನಿಂದ ಹೆಕ್ಕಿದವು.

ನಕ್ಷೆ ಕಣ್ಣಿಗೆ ಚಂದ. ಅದಕ್ಕೇ ಪತ್ರಿಕೆಗಳಲ್ಲೆಲ್ಲ ನಕ್ಷೆಯದೇ ಸುದ್ದಿ ಬಂತು, ರಾತ್ರಿ ನಿದ್ದೆಗೆಟ್ಟು ಅನುವಾದಿಸಿದ ಹೈಟಿಯವರು ಹಿಂದೆ ಸರಿದರು. ಇದು ನನಗೆ ಸ್ವಲ್ಪ ಕಸಿವಿಸಿ. ಹಬ್ಬದ ಊಟ ಮಾಡಿದವರು ಬಾಳೆಎಲೆ ಹೊಗಳಿದ ಹಾಗಾಯಿತು.

ಇನ್ನೊಂದು ತಪ್ಪು ಜಾಸ್ತಿ ಗಂಭೀರ. ಕಷ್ಟದಲ್ಲಿದ್ದವರ ಹೆಸರು, ಜಾಗ ಇರುವ ಮೆಸೇಜುಗಳು ಸಾರ್ವಜನಿಕ ನಕ್ಷೆಯ ಮೇಲೆ ಕಾಣಿಸಿಕೊಂಡವು. ಒಂಟಿ ಹೆಂಗಸು, ಮಕ್ಕಳು ಎಲ್ಲಿದ್ದಾರೆಂದು ಜಗತ್ತಿಗೇ ಗೊತ್ತಾಗುವುದು ಸಹಾಯವಾ, ಅಪಾಯವಾ? ಮುನ್ರೊ ಆಮೇಲೆ ಇದನ್ನು ಖಾರವಾಗಿಯೇ ಟೀಕಿಸಿದರು. ಮೆಸೇಜ್ ಕಳಿಸಿದವರು ಸಹಾಯ ಕೇಳಿದ್ದರು, ಪ್ರಕಟಿಸಿ ಎಂದಿರಲಿಲ್ಲ. ಎಲ್ಲದಕ್ಕೂ ಜಾಗ ಬಿಡುವ ಸಾಫ್ಟ್‌ವೇರ್ ಅಂದರೆ ಎಲ್ಲವನ್ನೂ ಎಲ್ಲರಿಗೂ ತೋರಿಸುವ ಸಾಫ್ಟ್‌ವೇರ್ ಅಲ್ಲ. ಅವಸರದಲ್ಲಿ ಆ ಗೆರೆ ಅಳಿಸಿಹೋಯಿತು.

ಕೆಲವು ವಾರಗಳಾದ ಮೇಲೆ ಸ್ವಯಂಸೇವಕರು ದಣಿದರು, ಅವರವರ ನೌಕರಿ ಅವರವರಿಗೆ. ಆಗ ಇಂಟರ್‌ನೆಟ್‌ನಲ್ಲಿ ಕೆಲಸ ಹಂಚುವ ಕ್ರೌಡ್‌ಫ್ಲವರ್, ಸಾಮಾಸೋರ್ಸ್ ಸಂಸ್ಥೆಗಳ ಮೂಲಕ ಕೆಲಸ ಹೈಟಿಯ ಒಳಗೇ, ಮಿರ್ಬಲೆ ಪಟ್ಟಣಕ್ಕೆ ಬಂತು. ಅಲ್ಲಿನವರು ಕೂಲಿ ತೆಗೆದುಕೊಂಡು ಅನುವಾದ ಮಾಡತೊಡಗಿದರು. ಕೆಲಸ ಕೇಳಿ ಮೆಸೇಜ್ ಬರುತ್ತಿದ್ದ ದೇಶದಲ್ಲಿ ಆ ಮೆಸೇಜ್ ಓದುವುದೇ ಕೆಲವರಿಗೆ ಕೆಲಸವಾಯಿತು. ಇಡೀ ಪ್ರಕರಣದಲ್ಲಿ ನನಗೆ ತುಂಬಾ ಹಿಡಿಸಿದ ತಿರುವು ಇದು, ಆದರೆ ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಇಲ್ಲಿಗೆ ಬಂದರೆ

2021ರ ಏಪ್ರಿಲ್, ಮೇ ತಿಂಗಳು ನೆನಪಿಸಿಕೊಳ್ಳಿ. ಬೆಂಗಳೂರಿನಲ್ಲಿ ಎಷ್ಟೊಂದು ಜನ ಗೂಗಲ್ ಶೀಟ್ ತೆರೆದಿಟ್ಟುಕೊಂಡು ಆಕ್ಸಿಜನ್, ಬೆಡ್ ಹುಡುಕುತ್ತಿದ್ದೆವು. ಶೀಟಿನ ಕೊನೆಯಲ್ಲಿ ‘ಫೋನ್ ಮಾಡಿ ನೋಡಿದ್ದು ಎಷ್ಟು ಗಂಟೆಗೆ’ ಎಂದು ಯಾರೋ ಒಂದು ಕಾಲಂ ಸೇರಿಸಿದರು. ಆ ಒಂದು ಕಾಲಂ ಇಲ್ಲದಿದ್ದರೆ ಉಳಿದದ್ದೆಲ್ಲ ಸುಮ್ನೆ. ಯಾವ ಎಂಜಿನಿಯರೂ ಅದನ್ನು ವಿನ್ಯಾಸ ಮಾಡಿರಲಿಲ್ಲ. ಹತ್ತು ಸಲ ಫೋನ್ ಮಾಡಿ ‘ಬೆಡ್ ಇಲ್ಲ’ ಎಂದು ಕೇಳಿಸಿಕೊಂಡ ಯಾರಿಗೋ ಹೊಳೆದದ್ದು. ಶೀಟ್ ಅದಕ್ಕೆ ಬೇಡ ಅನ್ನಲಿಲ್ಲ, ಅದೇ ಅದರ ದೊಡ್ಡ ಗುಣ.

ಹೋದ ವರ್ಷ ಒಂದು ಗ್ರಾಹಕರ ಕಚೇರಿಯಲ್ಲಿ ಫಾರಂ ಬದಲಾಯಿಸುವ ಅವಕಾಶ ಬಂತು. ನಲ್ಲಿ, ಲೈಟು, ಲಿಫ್ಟು ದೂರುಗಳ ಫಾರಂ, ದೊಡ್ಡ ಕಟ್ಟಡವೊಂದಕ್ಕೆ. ಹನ್ನೊಂದು ಕಡ್ಡಾಯ ಖಾನೆ ಇದ್ದವು. ಹೋರಾಡಿ ಒಂಬತ್ತನ್ನು ಐಚ್ಛಿಕ ಮಾಡಿಸಿದೆ. ‘ಏನಾಗಿದೆ, ನಿಮ್ಮ ಮಾತಲ್ಲೇ ಹೇಳಿ’ ಎಂದು ದೊಡ್ಡ ಖಾಲಿ ಜಾಗ ಇಡಿಸಿದೆ. ಮೆಂಟೆನೆನ್ಸ್ ಹುಡುಗರಿಗೆ ಪಕ್ಕದಲ್ಲೇ ಒಂದು ಚಾಟ್. ನನಗೋ ಒಳಗೊಳಗೇ ಹೆಮ್ಮೆ.

ಮಾರನೇ ದಿನ ಬೆಳಿಗ್ಗೆ ಬಂದ ಮೊದಲ ದೂರು ಇಷ್ಟೇ ಇತ್ತು: “ಮೊನ್ನೆ ಹೇಳಿದ್ದೇ. ಇನ್ನೂ ಸರಿ ಮಾಡಿಲ್ಲ.” ಚಾಟ್‌ನಲ್ಲಿ ಹುಡುಗನೊಬ್ಬ ಹಾಕಿದ: “ಇದು ಮೂರನೇ ಫ್ಲೋರ್ ಮೇಡಂ ನಲ್ಲಿ ಅಣ್ಣ, ನಂಗೊತ್ತು.” ಅವನ ಮೆಸೇಜಿನ ಕೆಳಗೆ ಮಧ್ಯಾಹ್ನದವರೆಗೂ ಯಾರೂ ಏನೂ ಬರೆಯಲಿಲ್ಲ. ಪ್ಲಂಬರು ಚಾಟ್‌ನಲ್ಲಿ ಇರಲೇ ಇಲ್ಲ.